ಅಮೆರಿಕನ್ ರೆಟರಿಕ್ ಜಾಲತಾಣ: ಭಾಷಣವನ್ನು ಕಿವಿಯಿಂದ ಕಲಿಯುವವರಿಗೆ

ರಾಜಕೀಯ ನಾಯಕರು ವೇದಿಕೆಯ ಮೇಲೆ ಮಾತನ್ನು ಹೇಗೆ ಕಟ್ಟುತ್ತಾರೆ ಎಂದು ಕಲಿಯಲು ಹೊರಟವರ ಕೈಗೆ ಸಾಮಾನ್ಯವಾಗಿ ಸಿಗುವುದು ಅಲಂಕಾರಗಳ ಪಟ್ಟಿ: ಹೆಸರು, ಲಕ್ಷಣ, ಒಂದು ಉದಾಹರಣೆ. ಪ್ರೌಢಶಾಲೆಯಲ್ಲಿ ಉಪಮೆ, ರೂಪಕ, ಅನುಪ್ರಾಸಗಳನ್ನು ಕಲಿಸುವುದೂ ಹೀಗೆಯೇ. ಪರೀಕ್ಷೆಗೆ ಇಷ್ಟು ಸಾಕು, ಮೈಕಿನ ಮುಂದೆ ನಿಲ್ಲುವವರಿಗೆ ಸಾಲದು. ಉಸಿರು ಎಲ್ಲಿ ನಿಂತಿತು, ಒತ್ತು ಯಾವ ಪದಕ್ಕೆ ಬಿತ್ತು, ಚಪ್ಪಾಳೆಗೆ ಎಷ್ಟು ಹೊತ್ತು ಬಿಟ್ಟುಕೊಟ್ಟರು ಎಂಬುದರ ಮೇಲೆ ಒಂದು ಮಾತು ಸಭೆಯನ್ನು ಮುಟ್ಟುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ. ಅದನ್ನು ಕೇಳಿಯೇ ಕಲಿಯಬೇಕು. ಈ ಕೆಲಸಕ್ಕೆ ದುಡ್ಡಿಲ್ಲದೆ ಸಿಗುವ ಬಹಳ ಒಳ್ಳೆಯ ಸಾಧನ ಅಮೆರಿಕನ್ ರೆಟರಿಕ್ ಡಾಟ್ ಕಾಮ್. ಚರ್ಚಾ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಮೇಷ್ಟ್ರು, ನಾಯಕರಿಗೆ ಭಾಷಣ ಬರೆದುಕೊಡುವವರು, ಪತ್ರಿಕೋದ್ಯಮದ ವಿದ್ಯಾರ್ಥಿಗಳು ಎಲ್ಲರಿಗೂ ಇದು ಉಪಯೋಗಕ್ಕೆ ಬರುತ್ತದೆ. ಕೊರತೆಗಳೂ ಇವೆ, ಅವುಗಳಲ್ಲಿ ಒಂದೆರಡು ದೊಡ್ಡವು.

ತಾಣವನ್ನು ಕಟ್ಟಿದವರು ಮೈಕೆಲ್ ಐಡನ್‌ಮುಲ್ಲರ್, ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಟೈಲರ್ ಕ್ಯಾಂಪಸ್ಸಿನ ಪ್ರಾಧ್ಯಾಪಕರು. ಒಳಗೆ ಮುಖ್ಯವಾಗಿ ಮೂರು ಉಗ್ರಾಣಗಳಿವೆ. ಮೊದಲನೆಯದು ಭಾಷಣ ಭಂಡಾರ: ಭಾಷಣ, ಉಪದೇಶ, ಸಂದರ್ಶನ, ವಾಗ್ವಾದ ಎಲ್ಲ ಸೇರಿ 5,000ಕ್ಕೂ ಹೆಚ್ಚು ನಮೂದುಗಳ ಸೂಚಿ. ಎರಡನೆಯದು 20ನೇ ಶತಮಾನದ ನೂರು ಅತ್ಯುತ್ತಮ ಅಮೆರಿಕನ್ ಭಾಷಣಗಳ ಪಟ್ಟಿ. ಮೂರನೆಯದು ಅಲಂಕಾರಗಳ ಧ್ವನಿಕೋಶ: ನಲವತ್ತಕ್ಕೂ ಹೆಚ್ಚು ಅಲಂಕಾರಗಳು, ಅವುಗಳಿಗೆ ಒಟ್ಟು 200ಕ್ಕೂ ಹೆಚ್ಚು ಪುಟ್ಟ ಎಂಪಿ3 ತುಣುಕುಗಳು. ನಮ್ಮ ವಿಷಯಕ್ಕೆ ಈ ಮೂರನೆಯದೇ ಜೀವಾಳ. ಆದರೆ ಮೊದಲನೆಯದರ ಜೊತೆ ಸೇರಿಸಿ ಬಳಸದಿದ್ದರೆ ಇದು ಅರ್ಧ ಪಾಠವಷ್ಟೇ.

ಮೊದಲ ಸಲ ಬಳಸುವವರು ಎಡವುವುದು ಭಂಡಾರದ ಬಾಗಿಲಲ್ಲೇ. ಪಟ್ಟಿ ಅಕಾರಾದಿಯಾಗಿದೆ, ಆದರೆ ಮನೆತನದ ಹೆಸರಿನ ಪ್ರಕಾರ ಅಲ್ಲ, ಮೊದಲ ಹೆಸರಿನ ಪ್ರಕಾರ. ಕೆನಡಿಯನ್ನು ಕೆ ಅಕ್ಷರದಲ್ಲಿ ಹುಡುಕಿದರೆ ಸಿಗುವುದಿಲ್ಲ, ಜಾನ್ ಎಂದು ಜೆ ಅಕ್ಷರಕ್ಕೆ ಹೋಗಬೇಕು. ಕಿಂಗ್ ಬೇಕಿದ್ದರೆ ಮಾರ್ಟಿನ್ ಎಂದು ಎಂ ಅಕ್ಷರಕ್ಕೆ. ಇಷ್ಟು ಗೊತ್ತಿದ್ದರೆ ಹುಡುಕಾಟ ಸಲೀಸು. ಪುಟಗಳ ವಿನ್ಯಾಸ ಹಳೆಯ ಕಾಲದ್ದು, ಕಂಪ್ಯೂಟರಿನ ದೊಡ್ಡ ಪರದೆಗೆಂದು ಮಾಡಿದ್ದು. ಮೊಬೈಲಿನಲ್ಲಿ ಅಕ್ಷರ ಹಿಗ್ಗಿಸಿಕೊಂಡೇ ಓದಬೇಕು. ತರಗತಿಯಲ್ಲಿ ಬಳಸುವುದಾದರೆ ಲ್ಯಾಪ್‌ಟಾಪಿಗೆ ಒಂದು ಸ್ಪೀಕರ್ ಸಿಕ್ಕಿಸಿಕೊಳ್ಳುವುದು ಒಳ್ಳೆಯದು.

ಈ ತಾಣದ ನಿಜವಾದ ಬಲ ಒಂದು ಸಣ್ಣ ಸಾಲಿನಲ್ಲಿದೆ. ಬಹಳಷ್ಟು ಭಾಷಣಗಳ ತಲೆಯ ಮೇಲೆ, ಕೆಳಗಿನ ಪಠ್ಯವನ್ನು ನೇರವಾಗಿ ಧ್ವನಿಮುದ್ರಿಕೆಯಿಂದಲೇ ಕೇಳಿ ಬರೆದುಕೊಳ್ಳಲಾಗಿದೆ ಎಂಬ ದೃಢೀಕರಣ ಇರುತ್ತದೆ. ಇದೇನು ಮಹಾ ಎನಿಸಬಹುದು. ಆದರೆ ಪತ್ರಿಕೆಗಳಿಗೆ ಮುಂಚಿತವಾಗಿ ಹಂಚುವ ಭಾಷಣದ ಪ್ರತಿಗೂ ನಾಯಕರು ಆಡಿದ ಮಾತಿಗೂ ಎಷ್ಟೋ ಸಲ ಅಜಗಜಾಂತರ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣದಲ್ಲಿ 'ನನಗೊಂದು ಕನಸಿದೆ' ಎಂಬ ಭಾಗ ಸಿದ್ಧಪಡಿಸಿಕೊಂಡ ಬರಹದಲ್ಲಿ ಇರಲೇ ಇಲ್ಲ. ಹಿಂದೆ ನಿಂತಿದ್ದ ಗಾಯಕಿ ಮಹಾಲಿಯಾ ಜಾಕ್ಸನ್ 'ಅವರಿಗೆ ಕನಸಿನ ವಿಷಯ ಹೇಳು, ಮಾರ್ಟಿನ್' ಎಂದು ಕೂಗಿದ್ದು, ಕಿಂಗ್ ಬರಹ ಬಿಟ್ಟು ಮಾತಿಗಿಳಿದಿದ್ದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಬರಹದ ಪ್ರತಿಯನ್ನೇ ನಂಬಿ ಅಲಂಕಾರ ವಿಶ್ಲೇಷಣೆಗೆ ಕೂತವರಿಗೆ ಆ ಭಾಷಣದ ಹೃದಯವೇ ತಪ್ಪಿಹೋಗುತ್ತಿತ್ತು.

ಧ್ವನಿಯ ವಿಷಯದಲ್ಲಿ ನಮ್ಮಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಸ್ವಾಮಿ ವಿವೇಕಾನಂದರ 1893ರ ಷಿಕಾಗೋ ಭಾಷಣದ 'ಮೂಲ ಧ್ವನಿ' ಎಂದು ಹಂಚಿಕೆಯಾಗುವ ಮುದ್ರಿಕೆಗಳು ನಿಜವಾದವಲ್ಲ, ಆ ಭಾಷಣದ ಧ್ವನಿಮುದ್ರಣ ಉಳಿದಿಲ್ಲ. ಅಂಥ ಮುದ್ರಿಕೆ ಕೇಳಿ 'ಇಲ್ಲಿ ಸ್ವಾಮೀಜಿ ಎಷ್ಟು ಚೆನ್ನಾಗಿ ತಡೆದು ನಿಲ್ಲಿಸುತ್ತಾರೆ ನೋಡಿ' ಎಂದು ಮಕ್ಕಳಿಗೆ ಹೇಳಿಕೊಟ್ಟರೆ ಪಾಠವೇ ಸುಳ್ಳಾಗುತ್ತದೆ. ಲಿಂಕನ್ನರ 1863ರ ಗೆಟ್ಟಿಸ್‌ಬರ್ಗ್ ಭಾಷಣವೂ ಹಾಗೆಯೇ. ಆಗ ಧ್ವನಿಮುದ್ರಣವೇ ಇರಲಿಲ್ಲ, ಎಲ್ಲಿ ಕೇಳಿದರೂ ಅದು ಬೇರೊಬ್ಬರ ಓದು.

ಧ್ವನಿಕೋಶದ ಒಳಗೆ

ಪ್ರತಿ ಅಲಂಕಾರಕ್ಕೆ ಒಂದು ಪುಟ. ಮೇಲೆ ಲಕ್ಷಣ, ಕೆಳಗೆ ಉದಾಹರಣೆಗಳು, ಒಂದೊಂದರ ಪಕ್ಕದಲ್ಲೂ ಒತ್ತಿ ಕೇಳುವ ಗುಂಡಿ. ಹೆಸರುಗಳು ಗ್ರೀಕ್, ಲ್ಯಾಟಿನ್ ಮೂಲದವು, ಕೇಳಿದೊಡನೆ ಬಾಯಿಗೆ ಹತ್ತುವುದಿಲ್ಲ. ಹೆಸರು ಬಾಯಿಪಾಠ ಮಾಡುವ ಗೋಜಿಗೆ ಹೋಗಬೇಡಿ. ರಾಜಕೀಯ ಭಾಷಣಕ್ಕೆ ಆರನ್ನು ಚೆನ್ನಾಗಿ ಕೇಳಿಕೊಂಡರೆ ಸಾಕು: ವಾಕ್ಯದ ಮೊದಲಲ್ಲಿ ಅದೇ ಮಾತು ಮರುಕಳಿಸುವ ಅನಾಫೊರ, ಕೊನೆಯಲ್ಲಿ ಮರುಕಳಿಸುವ ಎಪಿಸ್ಟ್ರೊಫಿ, ಎರಡನ್ನು ಎದುರುಬದುರು ನಿಲ್ಲಿಸುವ ಆಂಟಿತಿಸಿಸ್, ಪದಗಳನ್ನು ಅದಲುಬದಲು ಮಾಡಿ ಹೇಳುವ ಆಂಟಿಮೆಟಬೊಲಿ, ತಾನೇ ಕೇಳಿ ತಾನೇ ಉತ್ತರಿಸುವ ಹೈಪೊಫೊರ, 'ಮತ್ತು' ಬಿಟ್ಟು ಸಾಲಾಗಿ ಪೋಣಿಸುವ ಅಸಿಂಡೆಟನ್.

ಅನಾಫೊರವನ್ನು ಕಲಿಯಲು ಕಿಂಗ್ ಭಾಷಣಕ್ಕಿಂತ ಮೊದಲು ಆಗಿನ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1941ರ ಡಿಸೆಂಬರ್ 8ರಂದು ಅಮೆರಿಕದ ಸಂಸತ್ತಿನ ಮುಂದೆ ಮಾಡಿದ ಭಾಷಣವನ್ನು ಕೇಳಬೇಕು. ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರಿನ ಮೇಲೆ ಜಪಾನ್ ದಾಳಿ ಮಾಡಿದ ಮರುದಿನ ಅದು. ಇಡೀ ಭಾಷಣ ಏಳೆಂಟು ನಿಮಿಷ ದಾಟುವುದಿಲ್ಲ. ನಡುವೆ ಒಂದು ಪಟ್ಟಿ ಬರುತ್ತದೆ. ನಿನ್ನೆ ಮಲಯಾ ಮೇಲೂ ದಾಳಿಯಾಯಿತು ಎಂದು ಆರಂಭ. ಆಮೇಲೆ 'ನಿನ್ನೆ ರಾತ್ರಿ ಜಪಾನಿನ ಪಡೆಗಳು' ಎಂದು ಹಿಡಿದು ಹಾಂಗ್‌ಕಾಂಗ್, ಅದೇ ಮಾತಿನಿಂದ ಗ್ವಾಮ್, ಅದೇ ಮಾತಿನಿಂದ ಫಿಲಿಪ್ಪೀನ್ಸ್, ಬಳಿಕ 'ನಿನ್ನೆ ರಾತ್ರಿ' ವೇಕ್ ದ್ವೀಪ. ಕೊನೆಗೆ 'ಮತ್ತು ಇವತ್ತು ಬೆಳಿಗ್ಗೆ' ಮಿಡ್‌ವೇ ದ್ವೀಪ.

ಇದರಲ್ಲಿ ಒಂದೇ ಒಂದು ವಿಶೇಷಣ ಇಲ್ಲ. ಕ್ರೂರ, ಹೇಯ, ಅಮಾನುಷ ಎಂಬ ಮಾತುಗಳ ಸುಳಿವಿಲ್ಲ. ಬದಲಾಗುವುದು ಊರಿನ ಹೆಸರು ಮಾತ್ರ, ಅದೂ ಇಂಗ್ಲಿಷ್ ವಾಕ್ಯದ ಕಟ್ಟಕಡೆಯಲ್ಲಿ, ಒತ್ತು ತಾನಾಗಿ ಬೀಳುವ ಜಾಗದಲ್ಲಿ. ನಿನ್ನೆ, ನಿನ್ನೆ ರಾತ್ರಿ, ಇವತ್ತು ಬೆಳಿಗ್ಗೆ ಎಂದು ಕಾಲ ಹತ್ತಿರ ಹತ್ತಿರ ಬರುತ್ತದೆ. ಕೇಳುವವರು ಪಟ್ಟಿ ಮುಗಿಯುವ ಹೊತ್ತಿಗೆ ತಾವು ಕೂತಿರುವ ಈ ಗಳಿಗೆಗೆ ಬಂದು ನಿಂತಿರುತ್ತಾರೆ. ನಾಲ್ಕು ಸಲ 'ನಿನ್ನೆ ರಾತ್ರಿ' ಎಂದ ಮೇಲೆ ಐದನೇ ಸಲ ಮಾದರಿ ಮುರಿದು 'ಮತ್ತು ಇವತ್ತು ಬೆಳಿಗ್ಗೆ' ಎಂದಿದ್ದರಿಂದ ಪಟ್ಟಿ ಮುಗಿಯಿತೆಂದು ಕಿವಿಗೆ ಗೊತ್ತಾಗುತ್ತದೆ. ಅಂದು ಮಧ್ಯಾಹ್ನವೇ ಸಂಸತ್ತು ಯುದ್ಧ ಘೋಷಿಸಿತು. ಇದೇ ಭಾಷಣದ ಮೊದಲ ವಾಕ್ಯದ ಕರಡಿನಲ್ಲಿ ಆ ದಿನ 'ವಿಶ್ವ ಇತಿಹಾಸದಲ್ಲಿ' ಉಳಿಯುತ್ತದೆ ಎಂದಿತ್ತು. ರೂಸ್‌ವೆಲ್ಟ್ ಅದನ್ನು ಹೊಡೆದು 'ಅಪಕೀರ್ತಿಯಲ್ಲಿ' ಎಂದು ತಿದ್ದಿದರು. ಒಂದು ಪದದ ತಿದ್ದುಪಡಿ ವರದಿಯನ್ನು ಆರೋಪವಾಗಿಸಿತು.

ಪ್ರಶ್ನೋತ್ತರದ ಅಲಂಕಾರಕ್ಕೆ ಅಮೆರಿಕದ ಸಂಸದೆಯಾಗಿದ್ದ ಬಾರ್ಬರಾ ಜೋರ್ಡನ್ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. 1976ರ ಜುಲೈ 12, ನ್ಯೂಯಾರ್ಕಿನಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ. ಶುರುವಿನಲ್ಲಿ ಮೂರು ಸಪ್ಪೆ ವಾಕ್ಯಗಳು: ಪಕ್ಷ 144 ವರ್ಷಗಳ ಹಿಂದೆ ಮೊದಲು ಸೇರಿತು, ಅಂದಿನಿಂದ ನಾಲ್ಕು ವರ್ಷಕ್ಕೊಮ್ಮೆ ಸೇರುತ್ತಿದೆ, ಈ ವಾರದ ಸಭೆಯೂ ಅದೇ ಪರಂಪರೆಯ ಮುಂದುವರಿಕೆ. ಬೇಕೆಂದೇ ಸಪ್ಪೆ. ಆಮೇಲೆ, ಆದರೆ ಇವತ್ತಿನ ರಾತ್ರಿಯಲ್ಲಿ ಏನೋ ಬೇರೆ ಇದೆ, ಇವತ್ತಿನ ರಾತ್ರಿಯಲ್ಲಿ ಏನೋ ವಿಶೇಷ ಇದೆ. ಏನು ಬೇರೆ? ಏನು ವಿಶೇಷ? ಉತ್ತರ: ನಾನು, ಬಾರ್ಬರಾ ಜೋರ್ಡನ್, ಇಲ್ಲಿ ಪ್ರಧಾನ ಭಾಷಣಕಾರ್ತಿ.

ಕಪ್ಪು ಮಹಿಳೆಯೊಬ್ಬರು ಆ ಪೀಠದಲ್ಲಿ ನಿಂತದ್ದು ಅದೇ ಮೊದಲು. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ತಮ್ಮ ಹೆಸರನ್ನಷ್ಟೇ ಹೇಳುತ್ತಾರೆ. ಉಳಿದದ್ದನ್ನು ಸಭೆ ಚಪ್ಪಾಳೆಯಿಂದ ತುಂಬುತ್ತದೆ. ಮೊದಲ ಮೂರು ಸಪ್ಪೆ ವಾಕ್ಯಗಳನ್ನು ತೆಗೆದುಹಾಕಿ ಓದಿ ನೋಡಿ, ಪ್ರಶ್ನೆಗಳು ಬರೀ ಜಂಬವಾಗಿ ಕೇಳಿಸುತ್ತವೆ.

ತುಣುಕಿನ ತೊಂದರೆ

ಧ್ವನಿಕೋಶದ ಬಹುದೊಡ್ಡ ಕೊರತೆ ಇಲ್ಲೇ ಬರುತ್ತದೆ. ತುಣುಕು ಎಂದರೆ ಕೆಲವೇ ಸೆಕೆಂಡು. ಅಲಂಕಾರದ ಸಾಲು ಮಾತ್ರ ಕೇಳಿಸುತ್ತದೆ, ಅದಕ್ಕೆ ನೆಲ ಹದ ಮಾಡಿದ ಮಾತು ಕೇಳಿಸುವುದಿಲ್ಲ. ಅಲಂಕಾರ ಯಾವುದು ಎಂದು ತಾಣ ಕರಾರುವಾಕ್ಕಾಗಿ ಹೇಳುತ್ತದೆ, ಅದು ಯಾಕೆ ಕೆಲಸ ಮಾಡಿತು ಎಂದು ಹೇಳುವುದಿಲ್ಲ. ಬರಾಕ್ ಒಬಾಮಾರ 'ಹೌದು, ನಮ್ಮಿಂದಾಗುತ್ತದೆ' ಎಂಬ ಪಲ್ಲವಿಯನ್ನೇ ತೆಗೆದುಕೊಳ್ಳಿ. 2008ರ ಜನವರಿ 8ರ ರಾತ್ರಿ ನ್ಯೂ ಹ್ಯಾಂಪ್‌ಷೈರಿನ ನ್ಯಾಶುವಾದಲ್ಲಿ ಅವರು ಆ ಮಾತನ್ನು ಮತ್ತೆ ಮತ್ತೆ ಆಡಿದ್ದು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ ಹಿಲರಿ ಕ್ಲಿಂಟನ್ ಎದುರು ಸೋತ ಗಳಿಗೆಯಲ್ಲಿ. ಅಂದು ಗೆದ್ದಿದ್ದರೆ ಅದೇ ಮಾತು ಬೀಗುವಿಕೆಯಾಗುತ್ತಿತ್ತು. ಅದರ ಹಿಂದೆ 1972ರಲ್ಲಿ ಸೀಸರ್ ಚಾವೆಜ್, ಡೊಲೊರೆಸ್ ವೆರ್ಟಾ ಅವರ ಕೃಷಿ ಕಾರ್ಮಿಕ ಸಂಘಟನೆಯಿಂದ ಬಂದ ಸ್ಪ್ಯಾನಿಷ್ ಘೋಷಣೆಯ ನೆನಪೂ ಇದೆ. ಇವೆರಡೂ ತುಣುಕಿನಲ್ಲಿ ಸಿಗುವ ವಿಷಯಗಳಲ್ಲ.

ಇನ್ನೊಂದು: ಉದಾಹರಣೆಗಳಲ್ಲಿ ರಾಜಕಾರಣಿಗಳ ಜೊತೆ ಚಲನಚಿತ್ರದ ಸಂಭಾಷಣೆಗಳೂ ಬೆರೆತಿವೆ. ನಟರ ಮಾತಿಗೆ ಹಿನ್ನೆಲೆ ಸಂಗೀತ ಇರುತ್ತದೆ, ಹಲವು ಟೇಕ್ ತೆಗೆದು ಒಳ್ಳೆಯದನ್ನು ಆರಿಸಿರುತ್ತಾರೆ. ಬಯಲಲ್ಲಿ ನಿಂತು ಒಂದೇ ಸಲಕ್ಕೆ ಮಾತಾಡಬೇಕಾದವರಿಗೆ ಅದು ಮಾದರಿಯಲ್ಲ. ರಾಜಕೀಯ ಭಾಷಣಕ್ಕಾಗಿ ಬಂದವರು ಚಿತ್ರದ ತುಣುಕುಗಳನ್ನು ದಾಟಿಕೊಂಡು ಹೋಗುವುದೇ ವಾಸಿ.

'ಯಾಕೆ' ಎಂಬುದಕ್ಕೆ ಬೇರೆ ಕಡೆಯಿಂದ ಬೆಳಕು ಸಿಗುತ್ತದೆ. ಬ್ರಿಟನ್ನಿನ ಪಕ್ಷಗಳ 1981ರ ಸಮ್ಮೇಳನಗಳ 476 ಭಾಷಣಗಳನ್ನು ಜಾನ್ ಹೆರಿಟೇಜ್ ಮತ್ತು ಡೇವಿಡ್ ಗ್ರೇಟ್‌ಬ್ಯಾಚ್ ಎಂಬ ವಿದ್ವಾಂಸರು ಸೂಕ್ಷ್ಮವಾಗಿ ಅಭ್ಯಸಿಸಿ 1986ರಲ್ಲಿ ಪ್ರಕಟಿಸಿದರು. ಚಪ್ಪಾಳೆಗಳಲ್ಲಿ ಸುಮಾರು ಮೂರನೇ ಎರಡು ಭಾಗ ಬಿದ್ದದ್ದು ಏಳೇ ಬಗೆಯ ಮಾತಿನ ಕಟ್ಟುಗಳಿಗೆ. ಎದುರುಬದುರು ಹೇಳುವುದು, ಮೂರರ ಪಟ್ಟಿ, ಒಗಟು ಹಾಕಿ ಬಿಡಿಸುವುದು ಇವೆಲ್ಲ ಅದರಲ್ಲಿ ಸೇರಿವೆ. ಕಾರಣ ಸರಳ. ಚಪ್ಪಾಳೆಯನ್ನು ಯಾರೂ ಒಂಟಿಯಾಗಿ ತಟ್ಟಲು ಬಯಸುವುದಿಲ್ಲ. ಮಾತು ಎಲ್ಲಿ ಮುಗಿಯುತ್ತದೆಂದು ಮೊದಲೇ ಗೊತ್ತಾದರೆ ಎಲ್ಲರೂ ಒಟ್ಟಿಗೆ ಕೈ ಎತ್ತುತ್ತಾರೆ. ಮೂರರ ಪಟ್ಟಿಯಲ್ಲಿ ಎರಡನೆಯದು ಬಂದಾಗಲೇ ಮೂರನೆಯದು ಕೊನೆ ಎಂದು ಗೊತ್ತು. ಎದುರುಬದುರು ಮಾತಿನಲ್ಲಿ ಮೊದಲರ್ಧ ಕೇಳಿದೊಡನೆ ಎರಡನೆಯದರ ಆಕಾರ ಗೊತ್ತು. ಈ ತಿಳಿವಳಿಕೆ ಇಟ್ಟುಕೊಂಡು ತಾಣದ ತುಣುಕುಗಳನ್ನು ಕೇಳಿದರೆ ಲಕ್ಷಣಗಳಿಗೆ ಜೀವ ಬರುತ್ತದೆ.

ಹೀಗಾಗಿ ಬಳಸುವ ಕ್ರಮ ಮುಖ್ಯ. ಒಂದು ಕೂಟಕ್ಕೆ ಒಂದೇ ಅಲಂಕಾರ ಇಟ್ಟುಕೊಳ್ಳಿ. ಮೊದಲು ಪಠ್ಯವನ್ನು ಮುಚ್ಚಿ ತುಣುಕನ್ನು ಕೇಳಿ, ಒತ್ತು ಬಿದ್ದ ಕಡೆ ಮೇಜು ತಟ್ಟಿ. ಆಮೇಲೆ ಭಂಡಾರಕ್ಕೆ ಹೋಗಿ ಪೂರ್ತಿ ಭಾಷಣ ತೆರೆದು ಆ ಸಾಲನ್ನು ಹುಡುಕಿ, ಅದಕ್ಕಿಂತ ಒಂದು ನಿಮಿಷ ಹಿಂದಿನಿಂದ ಕೇಳಿಸಿಕೊಳ್ಳಿ. ಪಠ್ಯವನ್ನು ಮುದ್ರಿಸಿಕೊಂಡು ಅರೆ ನಿಲುಗಡೆಗೆ ಒಂದು ಗೀಟು, ಪೂರ್ತಿ ನಿಲುಗಡೆಗೆ ಎರಡು ಗೀಟು, ಚಪ್ಪಾಳೆಗೆ ಒಂದು ಚುಕ್ಕಿ ಹಾಕುತ್ತಾ ಹೋಗಿ. ವೇಗವನ್ನೂ ಲೆಕ್ಕ ಹಾಕಿ. 1961ರ ಜನವರಿ 20ರಂದು ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡಾಗ ಕೆನಡಿ ಮಾಡಿದ ಭಾಷಣ ಸುಮಾರು 1,360 ಪದ, ಸುಮಾರು 14 ನಿಮಿಷ, ಅಂದರೆ ಚಪ್ಪಾಳೆಯೂ ಸೇರಿ ನಿಮಿಷಕ್ಕೆ ನೂರು ಪದದ ಆಸುಪಾಸು. ಚರ್ಚಾ ಸ್ಪರ್ಧೆಯಲ್ಲಿ ಗಂಟೆ ಬಾರಿಸುವ ಮುಂಚೆ ಎಲ್ಲವನ್ನೂ ಒಪ್ಪಿಸಿಬಿಡಬೇಕೆಂದು ಓಡುವ ಮಕ್ಕಳಿಗೆ ಈ ಲೆಕ್ಕವನ್ನು ತೋರಿಸಿದರೆ ಅರ್ಧ ರೋಗ ವಾಸಿ.

ಕನ್ನಡದಲ್ಲಿ ಮಾತಾಡುವವರು ಗಮನಿಸಬೇಕಾದದ್ದು

ತಾಣದಲ್ಲಿರುವುದೆಲ್ಲ ಇಂಗ್ಲಿಷ್. ಅಲ್ಲಿ ಕೇಳಿದ ಕಟ್ಟನ್ನು ಹಾಗೇ ಎತ್ತಿ ಕನ್ನಡಕ್ಕೆ ಇಟ್ಟರೆ ಕೆಲವು ನಿಲ್ಲುತ್ತವೆ, ಕೆಲವು ಕುಸಿಯುತ್ತವೆ. ಕುಸಿಯುವುದರ ಕಾರಣ ನಮ್ಮ ಕ್ರಿಯಾಪದ ಕೊನೆಗೆ ಬರುವುದು.

ರೂಸ್‌ವೆಲ್ಟರ ಪಟ್ಟಿಯನ್ನೇ ನೋಡಿ. 'ನಿನ್ನೆ ರಾತ್ರಿ ಜಪಾನಿನ ಪಡೆಗಳು ಹಾಂಗ್‌ಕಾಂಗ್ ಮೇಲೆ ದಾಳಿ ಮಾಡಿದವು. ನಿನ್ನೆ ರಾತ್ರಿ ಜಪಾನಿನ ಪಡೆಗಳು ಗ್ವಾಮ್ ಮೇಲೆ ದಾಳಿ ಮಾಡಿದವು.' ವ್ಯಾಕರಣಕ್ಕೆ ತಪ್ಪಿಲ್ಲ, ಆದರೆ ಸತ್ವ ಹೋಯಿತು. ಮೊದಲೂ ಕೊನೆಯೂ ಒಂದೇ ಆಗಿ, ಹೊಸದಾಗಿ ಬಂದ ಊರಿನ ಹೆಸರು ನಡುವೆ ಹೂತುಹೋಯಿತು. 'ದಾಳಿ ಮಾಡಿದವು' ಎಂಬುದು ನಾಲ್ಕು ಸಲ ಕಿವಿಗೆ ಬಿದ್ದರೆ ಸಭೆ ಆಕಳಿಸುತ್ತದೆ. ಇದಕ್ಕೆ ನಮ್ಮ ಭಾಷೆಯಲ್ಲೇ ಮದ್ದಿದೆ. ಕ್ರಿಯೆಯನ್ನು ಮೊದಲಿಗೆ ತಂದು ಹೊಸ ಸಂಗತಿಯನ್ನು ಕೊನೆಗೆ ಬಿಡುವುದು: 'ನಿನ್ನೆ ರಾತ್ರಿ ಅವರು ನುಗ್ಗಿದ್ದು ಹಾಂಗ್‌ಕಾಂಗಿಗೆ. ನಿನ್ನೆ ರಾತ್ರಿ ನುಗ್ಗಿದ್ದು ಗ್ವಾಮಿಗೆ. ನಿನ್ನೆ ರಾತ್ರಿ ನುಗ್ಗಿದ್ದು ಫಿಲಿಪ್ಪೀನ್ಸಿಗೆ. ಇವತ್ತು ಬೆಳಿಗ್ಗೆ, ಮಿಡ್‌ವೇಗೆ.' ನಮ್ಮ ಒಳ್ಳೆಯ ಭಾಷಣಕಾರರು 'ನಾನು ಕೇಳ್ತಿರೋದು ಭಿಕ್ಷೆ ಅಲ್ಲ, ನಾನು ಕೇಳ್ತಿರೋದು ಹಕ್ಕು' ಎನ್ನುವಾಗ ಮಾಡುವುದೂ ಇದನ್ನೇ. 'ನಾನು ಹಕ್ಕನ್ನು ಕೇಳುತ್ತಿದ್ದೇನೆ' ಎಂದಿದ್ದರೆ ಒತ್ತೆಲ್ಲ 'ಇದ್ದೇನೆ' ಮೇಲೆ ಬಿದ್ದು ಹಕ್ಕು ಬಡವಾಗುತ್ತಿತ್ತು.

ಕಿಂಗ್ ಅವರ ಪಲ್ಲವಿಗೂ ಇದೇ ಕಷ್ಟ. 'ಒಂದು ದಿನ ಹೀಗಾಗುತ್ತದೆ ಎಂಬ ಕನಸು ನನಗಿದೆ' ಎಂದು ಕಟ್ಟಿದರೆ ಇದು ಕನಸಿನ ಮಾತೆಂದು ಕೇಳುವವರಿಗೆ ಗೊತ್ತಾಗುವುದು ವಾಕ್ಯ ಮುಗಿದ ಮೇಲೆ. ಅಷ್ಟು ಹೊತ್ತು ಅವರು ಅದನ್ನು ಭರವಸೆ ಎಂದೋ ಭವಿಷ್ಯವಾಣಿ ಎಂದೋ ಕೇಳುತ್ತಿರುತ್ತಾರೆ. 'ನನಗೊಂದು ಕನಸಿದೆ' ಎಂಬುದನ್ನು ಬೇರೆ ವಾಕ್ಯವಾಗಿಸಿ, ನಿಂತು, ಆಮೇಲೆ ಕನಸನ್ನು ಹೇಳಬೇಕು. ಪಲ್ಲವಿ ಗಿಡ್ಡವಾಗಿರಲಿ, ಎರಡು ಮೂರು ಪದ, ಹೆಚ್ಚೆಂದರೆ ನಾಲ್ಕು. ಅದಕ್ಕಿಂತ ಉದ್ದವಾದರೆ ಮೂರನೇ ಸಲಕ್ಕೆ ಉಸಿರು ಸಾಲುವುದಿಲ್ಲ.

ಸಲೀಸಾಗಿ ಬರುವುದೂ ಉಂಟು. ಕೆನಡಿಯವರ ಪ್ರಸಿದ್ಧ ಅದಲುಬದಲು ಕನ್ನಡದಲ್ಲಿ ಇಂಗ್ಲಿಷಿಗಿಂತ ಬಿಗಿಯಾಗಿ ಕೂರುತ್ತದೆ: 'ದೇಶ ನಿಮಗೇನು ಮಾಡೀತು ಎಂದು ಕೇಳಬೇಡಿ, ದೇಶಕ್ಕೆ ನೀವೇನು ಮಾಡಬಲ್ಲಿರಿ ಎಂದು ಕೇಳಿ.' ವಿಭಕ್ತಿ ಪ್ರತ್ಯಯ ಬದಲಾಯಿಸಿದರೆ ಸಾಕು, ಪಾತ್ರಗಳು ತಾವಾಗಿ ಅದಲುಬದಲಾಗುತ್ತವೆ. ಕೇಳುವಾಗ ಕ್ರಮ ಗಮನಿಸಿ. ಮೊದಲು 'ನನ್ನ ಸಹನಾಗರಿಕರೇ' ಎಂದು ಕರೆದು ಕಿವಿ ತನ್ನತ್ತ ತಿರುಗಿಸಿಕೊಳ್ಳುತ್ತಾರೆ, ಆಮೇಲೆ ಬೇಡ ಎಂಬುದು, ಕೊನೆಗೆ ಬೇಕು ಎಂಬುದು. ಬೇಕು ಮೊದಲು ಬಂದು ಬೇಡ ಕೊನೆಗೆ ಬಂದರೆ ಸಭೆ ಯಾವುದಕ್ಕೆ ಕೈ ತಟ್ಟಬೇಕೆಂದು ತಿಳಿಯದೆ ಕೂರುತ್ತದೆ.

ಪ್ರಶ್ನೆಯ ವಿಷಯದಲ್ಲಿ ನಮ್ಮ ವೇದಿಕೆಗಳಲ್ಲಿ ಎರಡು ಬೇರೆ ಬೇರೆ ತಂತ್ರಗಳನ್ನು ಕಲಸಿಬಿಡುತ್ತಾರೆ. 'ಕುಡಿಯೋ ನೀರು ಬಂತಾ?' ಎಂದು ಕೇಳಿ ಜನರಿಂದ 'ಇಲ್ಲ' ಎನ್ನಿಸುವುದು ಒಂದು. ಜೋರ್ಡನ್ ಅವರಂತೆ ಕೇಳಿ ತಾವೇ ಉತ್ತರ ಕೊಡುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಎಲ್ಲರಿಗೂ ಗೊತ್ತಿರಬೇಕು, ಎರಡನೆಯದಕ್ಕೆ ಗೊತ್ತಿರಬಾರದು. ಒಂದೇ ಉಸಿರಿನಲ್ಲಿ ಎರಡನ್ನೂ ಕೇಳಿದರೆ ಜನ ಕೂಗುವುದೋ ಕಾಯುವುದೋ ತಿಳಿಯದೆ ಸುಮ್ಮನಾಗುತ್ತಾರೆ.

ಅಭ್ಯಾಸಕ್ಕೆ ಕೂತ ಮೇಲೆ ಮೊಬೈಲಿನಲ್ಲಿ ನಲವತ್ತು ಸೆಕೆಂಡು ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಸಾಮಾನ್ಯವಾಗಿ ಕಾಣುವ ದೋಷಗಳು ಇವೇ: ಮರುಕಳಿಸುವ ಮಾತನ್ನು ಪ್ರತಿ ಸಲವೂ ಅದೇ ಎತ್ತರದ ದನಿಯಲ್ಲಿ ಹೇಳುವುದು, ನಾಲ್ಕೈದು ಸಲ ದಾಟಿದರೂ ಮಾದರಿ ಮುರಿಯದಿರುವುದು, ಚಪ್ಪಾಳೆ ಏಳುತ್ತಿರುವಾಗಲೇ ಮುಂದಿನ ವಾಕ್ಯಕ್ಕೆ ನುಗ್ಗುವುದು. ಕೊನೆಯದು ಎಷ್ಟು ಪಳಗಿದವರನ್ನೂ ಬಿಟ್ಟಿಲ್ಲ.

ನೂರರ ಪಟ್ಟಿ ಎಷ್ಟರ ಮಟ್ಟಿಗೆ ನಂಬಬಹುದು

ಸ್ಟೀಫನ್ ಲೂಕಸ್ ಮತ್ತು ಮಾರ್ಟಿನ್ ಮೆಡ್‌ಹರ್ಸ್ಟ್ ಎಂಬ ಪ್ರಾಧ್ಯಾಪಕರು 137 ಮಂದಿ ವಿದ್ವಾಂಸರ ಮತ ಕೇಳಿ 1999ರಲ್ಲಿ ಹೊರಡಿಸಿದ ಪಟ್ಟಿ ಇದು. ಅಳತೆಗೋಲು ಎರಡು: ಸಾಮಾಜಿಕ, ರಾಜಕೀಯ ಪರಿಣಾಮ ಮತ್ತು ಮಾತಿನ ಕಲೆ. ಕಿಂಗ್ ಮೊದಲು, ಕೆನಡಿ ಎರಡು, ರೂಸ್‌ವೆಲ್ಟರ 1933ರ ಮತ್ತು 1941ರ ಭಾಷಣಗಳು ಮೂರು ಮತ್ತು ನಾಲ್ಕು, ಜೋರ್ಡನ್ ಐದು. 20ನೇ ಶತಮಾನಕ್ಕೆ ಸೀಮಿತವಾದ್ದರಿಂದ ಲಿಂಕನ್ ಇಲ್ಲ. ಅಮೆರಿಕಕ್ಕೆ ಸೀಮಿತವಾದ್ದರಿಂದ ಚರ್ಚಿಲ್, ನೆಹರೂ, ಮಂಡೇಲಾ ಇಲ್ಲ. 'ಜಗತ್ತಿನ ನೂರು ಶ್ರೇಷ್ಠ ಭಾಷಣ' ಎಂದು ಇದನ್ನು ಮಕ್ಕಳ ಮುಂದಿಡುವುದು ಸರಿಯಲ್ಲ.

ಆರನೇ ಸ್ಥಾನದಲ್ಲಿರುವ ರಿಚರ್ಡ್ ನಿಕ್ಸನ್ನರ 'ಚೆಕರ್ಸ್' ಭಾಷಣವನ್ನು ಮಾತ್ರ ಪಾಠದಲ್ಲಿ ತಪ್ಪದೆ ಸೇರಿಸಬೇಕು, ಮಾದರಿಯಾಗಿ ಅಲ್ಲ, ಎಚ್ಚರಿಕೆಗಾಗಿ. 1952ರ ಸೆಪ್ಟೆಂಬರ್ 23, ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ನಿಕ್ಸನ್ ಮೇಲೆ ಬೆಂಬಲಿಗರು ಕೂಡಿಸಿಕೊಟ್ಟ 18,000 ಡಾಲರಿನ ನಿಧಿಯ ಬಗ್ಗೆ ಆರೋಪ ಬಂದಿತ್ತು. ಟಿವಿಯಲ್ಲಿ ಅರ್ಧ ಗಂಟೆ ಕೂತು ತಮ್ಮ ಆಸ್ತಿ, ಸಾಲಗಳನ್ನು ಒಂದೊಂದಾಗಿ ಎಣಿಸುತ್ತಾರೆ: 1950ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರು, 41,000 ಡಾಲರಿನ ವಾಷಿಂಗ್ಟನ್ ಮನೆ, ಅದರ ಮೇಲೆ 20,000 ಸಾಲ. ಅಂಕಿಗಳಿಂದ ಹೆಂಡತಿಯ ಸಾದಾ ಬಟ್ಟೆಯ ಕೋಟಿಗೆ, ಅಲ್ಲಿಂದ ಟೆಕ್ಸಸ್‌ನವರೊಬ್ಬರು ಮಕ್ಕಳಿಗೆಂದು ಕಳಿಸಿದ ಚೆಕರ್ಸ್ ಎಂಬ ನಾಯಿಮರಿಗೆ ಬರುತ್ತಾರೆ. ಯಾರೇನೇ ಅಂದರೂ ನಾಯಿಯನ್ನು ವಾಪಸ್ ಕೊಡುವುದಿಲ್ಲ ಎನ್ನುತ್ತಾರೆ. ಪ್ರಶ್ನೆ ಇದ್ದದ್ದು ನಿಧಿಯ ಬಗ್ಗೆ, ನಾಯಿಯ ಬಗ್ಗೆ ಅಲ್ಲ. ಲೆಕ್ಕಪತ್ರ ಎಲ್ಲಿಗೆ ಮುಗಿದು ಮರುಕ ಎಲ್ಲಿಂದ ಶುರುವಾಯಿತು ಎಂದು ಪಠ್ಯದ ಮೇಲೆ ಗೆರೆ ಎಳೆಯುವ ಅಭ್ಯಾಸ ಮಾಡಿಸಿ. ಮತದಾರರಿಗೆ ಇದಕ್ಕಿಂತ ಉಪಯುಕ್ತ ಪಾಠ ಈ ತಾಣದಲ್ಲಿ ಬೇರೆ ಇಲ್ಲ.

ಜೊತೆಗೆ ಇಟ್ಟುಕೊಳ್ಳಬೇಕಾದ ತಾಣಗಳು

ಅಮೆರಿಕದ ಅಧ್ಯಕ್ಷರ ಭಾಷಣಗಳಿಗೆ ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್ ತಾಣ ಹೆಚ್ಚು ಅಚ್ಚುಕಟ್ಟು. ಬರೀ ಪಠ್ಯ ಸಾಕು ಎನ್ನುವವರಿಗೆ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್ ಇದೆ, ಪದ ಹಾಕಿ ಹುಡುಕಲು ಅದು ಅನುಕೂಲ. ಎರಡರಲ್ಲೂ ಅಲಂಕಾರದ ಪಾಠ ಇಲ್ಲ.

ಭಾರತದ ಮಾತಿಗೆ ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ನಡೆಸುವ ಸಂವಿಧಾನದ ತಾಣ ನೋಡಬೇಕು. 1946ರ ಡಿಸೆಂಬರಿನಿಂದ 1950ರ ಜನವರಿಯವರೆಗಿನ ಸಂವಿಧಾನ ಸಭೆಯ ಚರ್ಚೆಗಳು ಅಲ್ಲಿವೆ. 1949ರ ನವೆಂಬರ್ 25ರ ಅಂಬೇಡ್ಕರ್ ಭಾಷಣವನ್ನು ತೆರೆದು, 1950ರ ಜನವರಿ 26ರಂದು ನಾವು ವಿರೋಧಾಭಾಸಗಳ ಬದುಕಿಗೆ ಕಾಲಿಡುತ್ತಿದ್ದೇವೆ ಎನ್ನುವ ಭಾಗವನ್ನು ಗಟ್ಟಿಯಾಗಿ ಓದಿ. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂದು ಎದುರುಬದುರು ನಿಲ್ಲಿಸಿ, ಕೂಡಲೇ ಈ ವಿರೋಧಾಭಾಸವನ್ನು ಇನ್ನೆಷ್ಟು ಕಾಲ ಬಾಳಬೇಕು ಎಂದು ಕೇಳುತ್ತಾರೆ. ಕೇಳಿದ್ದು ಒಂದು ಸಲ ಅಲ್ಲ, ಎರಡು ಸಲ. ಕೆನಡಿಯ ಸಾಲಿಗಿಂತ ಹನ್ನೊಂದು ವರ್ಷ ಮೊದಲು ಬಂದ, ಅದಕ್ಕಿಂತ ಭಾರವಾದ ಆಂಟಿತಿಸಿಸ್ ಇದು. ಅಲ್ಲಿ ಸಿಗುವುದು ಪಠ್ಯ ಮಾತ್ರ, ಆದ್ದರಿಂದ ನಿಲುಗಡೆಗಳನ್ನು ಓದುವವರೇ ಹುಡುಕಿಕೊಳ್ಳಬೇಕು. ಅಮೆರಿಕನ್ ರೆಟರಿಕ್‌ನಲ್ಲಿ ಕಿವಿ ಪಳಗಿಸಿಕೊಂಡು ಇಲ್ಲಿಗೆ ಬಂದರೆ ಆ ಕೆಲಸ ಸುಲಭ.

ಕನ್ನಡಕ್ಕೆ ಇಂಥದ್ದೊಂದು ಭಂಡಾರ ಬೇಕೇ ಬೇಕು. ಕರ್ನಾಟಕ ವಿಧಾನಮಂಡಲದ ನಡಾವಳಿಗಳು ಅಚ್ಚಿನಲ್ಲಿವೆ, ಶಾಂತವೇರಿ ಗೋಪಾಲಗೌಡರಂಥವರು ಸದನದಲ್ಲಿ ಆಡಿದ ಮಾತು ಅವುಗಳಲ್ಲಿ ದಾಖಲಾಗಿದೆ. ಇತ್ತೀಚಿನ ದಶಕಗಳ ಭಾಷಣಗಳ ವಿಡಿಯೊಗಳೂ ಹೇರಳ. ಆಗಬೇಕಾದದ್ದು ಧ್ವನಿ ಕೇಳಿ, ಪದ ಪದ ತಾಳೆ ನೋಡಿ, ದಿನಾಂಕ ಮತ್ತು ಸ್ಥಳ ಹಾಕಿ ಪಠ್ಯ ಸಿದ್ಧಪಡಿಸುವ ಕೆಲಸ. ಕಾಲೇಜಿನ ಕನ್ನಡ ಅಥವಾ ಪತ್ರಿಕೋದ್ಯಮ ವಿಭಾಗವೊಂದು ವರ್ಷಕ್ಕೆ ಹತ್ತು ಭಾಷಣ ಕೈಗೆತ್ತಿಕೊಂಡರೂ ಸಾಕು. ಹತ್ತು ನಿಮಿಷದ ಭಾಷಣಕ್ಕೆ ಇಬ್ಬರನ್ನು ಕೂರಿಸಿ: ಒಬ್ಬರು ಬರೆಯಲಿ, ಇನ್ನೊಬ್ಬರು ಪಠ್ಯ ನೋಡದೆ ಕೇಳಿ ಬೇರೆಯಾಗಿ ಬರೆಯಲಿ, ಎರಡೂ ಪ್ರತಿ ಹೊಂದದ ಕಡೆ ಮೂರನೆಯವರು ತೀರ್ಮಾನಿಸಲಿ. ಆಡುಮಾತಿನ ರೂಪವನ್ನು ಗ್ರಂಥಭಾಷೆಗೆ ತಿದ್ದಬಾರದು. 'ಕೇಳ್ತಿರೋದು' ಎಂದಿದ್ದರೆ ಹಾಗೇ ಇರಲಿ. ಚಪ್ಪಾಳೆ, ಶಿಳ್ಳೆ, ಸಭಿಕರ ಕೂಗುಗಳನ್ನು ಕಂಸದಲ್ಲಿ ದಾಖಲಿಸಬೇಕು, ಅವು ಎಷ್ಟು ಸೆಕೆಂಡು ಇದ್ದವು ಎಂಬುದನ್ನೂ ಪಕ್ಕದಲ್ಲೇ ಬರೆದಿಡಬೇಕು.